ಪಿಕಳಾರದ ಮನೆ ಮಾಲೀಕ: ರೊಬಸ್ಟಾ ಜೊತೆ ಒಂದು ಸಂದರ್ಶನ

ಪ್ರಿನ್ಸ್‌ಟನ್‌ನ ಕಾಫಿ ಅಂಗಡಿಗಳಲ್ಲಿ ಅರೇಬಿಕಾಗೆ ಸಿಗುವ ಮರ್ಯಾದೆ ಕಂಡರೆ, ಅದಕ್ಕೊಂದು ಗೌರವ ಡಾಕ್ಟರೇಟ್ ಕೊಡುವುದಷ್ಟೇ ಬಾಕಿ ಅನ್ನಿಸುತ್ತದೆ. ಬೆಳೆದ ಊರು, ಬೆಟ್ಟದ ಎತ್ತರ, ನಾಲಿಗೆಗೆ ತಾಗಬೇಕಾದ ಹಣ್ಣಿನ ಪರಿಮಳ, ಎಲ್ಲವೂ ಬೋರ್ಡಿನ ಮೇಲೆ. ರೊಬಸ್ಟಾ ಮಾತ್ರ ಇಲ್ಲಿಗೆ ಬರುವುದು ಕನ್ನಡದವರ ಸೂಟ್‌ಕೇಸಿನಲ್ಲಿ, ಚಕ್ಕುಲಿಗೂ ಹಪ್ಪಳಕ್ಕೂ ನಡುವೆ ನುಸುಳಿಕೊಂಡು. ಮೂಡಿಗೆರೆಯಿಂದ ಹಾಗೆ ಬಂದಿಳಿದ ಪುಡಿಯ ಡಬ್ಬಿಯ ಮುಚ್ಚಳ ತೆಗೆದು ಮಾತಾಡಿಸಿದೆವು. ಅದೇ ಡಬ್ಬಿಯಲ್ಲಿ ಚಿಕೋರಿಯೂ ಇತ್ತು. ಬಾಯಿ ಮುಚ್ಚಿಸಲು ಆಗಲಿಲ್ಲ.

ನಮಸ್ಕಾರ. ಈ ಊರು ಹೇಗನ್ನಿಸಿತು?

ಊರೇನೋ ಚೆನ್ನಾಗಿದೆ ಮಾರಾಯ್ರೆ, ಗುರುತು ಹಿಡಿಯುವವರೇ ಇಲ್ಲ. ನಿಮ್ಮ ವಿಶ್ವವಿದ್ಯಾಲಯದವರಿಗೆ ನಾನು ಹಳೇ ಪರಿಚಯ. 2018ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ನನ್ನ ಮೇಲೆ ಪ್ರಬಂಧ ಬಂದಿದೆ. ಇಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಷಾರ್ಲಟ್ ಚಾಂಗ್, ನಮ್ಮ ಕೃತಿ ಕಾರಂತ, ವಿಸ್ಕಾನ್ಸಿನ್‌ನ ಪಾಲ್ ರಾಬಿನ್ಸ್, ಮೂವರೂ ಸೇರಿ ಬರೆದದ್ದು. ಕೃತಿ ಅಂದರೆ ಶಿವರಾಮ ಕಾರಂತರ ಮೊಮ್ಮಗಳು. ಅಜ್ಜ ಮನುಷ್ಯರ ಕಥೆ ಬರೆದರು, ಮೊಮ್ಮಗಳ ಪಾಲಿಗೆ ನನ್ನ ಕಥೆ ಬಂತು.

ಪ್ರಬಂಧ ನಿಮ್ಮ ಮೇಲೋ, ಹಕ್ಕಿಗಳ ಮೇಲೋ?

ನನ್ನಲ್ಲಿರುವ ಹಕ್ಕಿಗಳ ಮೇಲೆ. ಎರಡೂ ಒಂದೇ ತಾನೆ? ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಳಲ್ಲಿ ಹಕ್ಕಿ ಎಣಿಸಿದರು. ಕಾಡನ್ನೇ ನಂಬಿದ ಜಾತಿಗಳೇ 79 ಸಿಕ್ಕವು. ಅಪಾಯದ ಪಟ್ಟಿ ಸೇರಿದವು ಮೂರು: ದೊಡ್ಡ ಗಿಳಿ, ನೀಲಗಿರಿಯ ಕಾಡುಪಾರಿವಾಳ, ಮತ್ತೆ ನಮ್ಮ ಬೂದುತಲೆ ಪಿಕಳಾರ. ರೊಬಸ್ಟಾ ಹೆಚ್ಚಾದರೆ ಹಕ್ಕಿಗಳ ಕಥೆ ಮುಗಿಯಿತು ಅಂತ ಹೆದರಿದ್ದವರಿಗೆ, ಅಷ್ಟೊಂದು ಹೆದರಬೇಡಿ ಅಂತ ಉತ್ತರ ಸಿಕ್ಕಿತು.

ಚಿಕೋರಿ: ಅರೇಬಿಕಾ ತೋಟದಲ್ಲೇ ಜಾತಿ ಜಾಸ್ತಿ ಅಂತಲೂ ಬರೆದಿದ್ದಾರೆ. ಅದನ್ನೂ ಹೇಳಿ.

ಅರೇಬಿಕಾ ನೆರಳು ಇಟ್ಟುಕೊಳ್ಳುವುದು ಹಕ್ಕಿ ಮೇಲಿನ ಪ್ರೀತಿಗಲ್ಲ ಕಣಯ್ಯಾ, ಕಾಂಡಕೊರಕದ ಭಯಕ್ಕೆ! ಬಿಸಿಲು ಬಿದ್ದರೆ ಹುಳ ಹತ್ತುತ್ತದೆ. ನನಗೆ ಆ ಹುಳದ ಕಾಟವೂ ಇಲ್ಲ, ಅಷ್ಟು ಔಷಧಿ ಹೊಡೆಯುವುದೂ ಬೇಡ.

ಆ ಪಿಕಳಾರವನ್ನು ಗುರುತಿಸುವುದು ಹೇಗೆ?

ತೋಟಕ್ಕೆ ಬಂದ ನೆಂಟರಿಗೆಲ್ಲ ಕಾಣುವುದು ಕೆಮ್ಮೀಸೆ ಪಿಕಳಾರ. ತಲೆ ಮೇಲೆ ಜುಟ್ಟು, ಕೆನ್ನೆಗೆ ಕೆಂಪು, ವಿದ್ಯುತ್ ತಂತಿಯ ಮೇಲೆ ಕೂತು ಭಾಷಣ. ಇವನು ಹಾಗಲ್ಲ. ಜುಟ್ಟಿಲ್ಲ. ಬೂದು ತಲೆ, ಹಸುರು-ಹಳದಿ ಮೈ, ಬೆಳ್ಳಗಿನ ಕಣ್ಣು. ಬಿದಿರು ಮೆಳೆ, ದಟ್ಟ ಪೊದೆ ಬಿಟ್ಟು ಹೊರಗೆ ಬರುವವನಲ್ಲ. 1839ರಲ್ಲಿ ಜೆರ್ಡನ್ ಅನ್ನುವ ವೈದ್ಯ ಇವನನ್ನು ವಿಜ್ಞಾನದ ದಾಖಲೆಗೆ ಸೇರಿಸಿದ. ಪಶ್ಚಿಮಘಟ್ಟ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

ಹಾಡು?

ಹಾಡು ಅಂದರೆ... ಒಂದು ಕರ್ಕಶ ಕೂಗು. ಅದೇ ಅವನ ಪುಣ್ಯ! ಇಂಡೊನೇಷ್ಯಾ ಕಡೆ ಅವನ ದಾಯಾದಿಯೊಬ್ಬನಿದ್ದಾನೆ, ಹುಲ್ಲುಬಣ್ಣದ ತಲೆಯ ಪಿಕಳಾರ. ಅವನ ಗಂಟಲಿಗೆ ಜನ ಹುಚ್ಚಾಗಿ ಪಂಜರಕ್ಕೆ ಹಿಡಿದು ಹಿಡಿದು ಥಾಯ್ಲೆಂಡಿನಲ್ಲಿ ನಿರ್ನಾಮ ಮಾಡಿದರು. 2018ರಲ್ಲಿ ಅವನನ್ನು ಅಳಿವಿನ ತುತ್ತತುದಿಯ ಪಟ್ಟಿಗೆ ಹಾಕಿದರು. ಆ ಪಂಜರದ ವ್ಯಾಪಾರ ಕಾಡನ್ನು ಹೇಗೆ ಬರಿದು ಮಾಡುತ್ತಿದೆ ಅಂತ ಲೆಕ್ಕ ಹಾಕಿದವರಲ್ಲಿ ಪ್ರಿನ್ಸ್‌ಟನ್‌ನ ಡೇವಿಡ್ ವಿಲ್ಕೋವ್ ತಂಡವೂ ಇದೆ. ನಮ್ಮವನು ಸಂಗೀತ ಕಲಿಯದೆ ಉಳಿದುಕೊಂಡ.

ಇಲ್ಲಿನ ಜನರಿಗೂ ಹಕ್ಕಿಗಳೆಂದರೆ ಪ್ರಾಣ. ಮೇ ತಿಂಗಳು ಬಂದರೆ ಇನ್‌ಸ್ಟಿಟ್ಯೂಟ್ ವುಡ್ಸ್‌ನಲ್ಲಿ ದುರ್ಬೀನು ಹಿಡಿದವರದೇ ಜಾತ್ರೆ.

ನೋಡಿದ್ದೇನೆ. ಐನ್‌ಸ್ಟೈನ್ ಇದ್ದ ಸಂಸ್ಥೆಯ ಕಾಡು, ಬರುವ ಹಕ್ಕಿಗಳಿಗೂ ಅಷ್ಟೇ ಪ್ರತಿಷ್ಠೆ. ವುಡ್ ಥ್ರಷ್ ಇಲ್ಲಿ ಬೇಸಿಗೆ ಕಳೆದು, ಚಳಿಗಾಲಕ್ಕೆ ಮಧ್ಯ ಅಮೆರಿಕದ ಕಾಡಿಗೆ ಹೋಗುತ್ತದೆ. ಅಂಥ ವಲಸೆ ಹಕ್ಕಿಗಳು ಕಾಫಿ ತೋಟದ ನೆರಳಲ್ಲೂ ತಂಗುತ್ತವೆ ಅಂತ ಸ್ಮಿತ್ಸೋನಿಯನ್‌ನವರು ‘ಬರ್ಡ್ ಫ್ರೆಂಡ್ಲಿ’ ಮುದ್ರೆ ಒತ್ತಿದರು. ಕನಿಷ್ಠ 40% ನೆರಳಿರಬೇಕು, ಸಾವಯವ ಇರಬೇಕು. ಗ್ರಾಹಕ ನಾಲ್ಕು ಕಾಸು ಜಾಸ್ತಿ ಕೊಟ್ಟು, ತನ್ನ ಹಿತ್ತಲಿನ ಹಕ್ಕಿಯ ಚಳಿಗಾಲದ ಬಾಡಿಗೆ ಕಟ್ಟಿದೆ ಅಂದುಕೊಳ್ಳುತ್ತಾನೆ. ಅದು ತಪ್ಪಲ್ಲ. ಆದರೆ ನಮ್ಮ ಪಿಕಳಾರಕ್ಕೆ ವೀಸಾ ಇಲ್ಲ, ಹುಟ್ಟಿದ ಘಟ್ಟದಲ್ಲೇ ಸಾಯುವ ಜಾತಿ. ಯಾರ ಹಿತ್ತಲಿಗೂ ಬರದವನ ಬಾಡಿಗೆ ಕಟ್ಟುವವರು ಯಾರು?

ನೀವೇ ಮನೆ ಮಾಲೀಕರಲ್ಲವೇ?

ಹೌದು ಮತ್ತೆ! ಭಾರತದ ಕಾಫಿಯಲ್ಲಿ ಸುಮಾರು 70% ನಾನೇ.

ಚಿಕೋರಿ: ಇವರು ಕೆಳಗಿನ ಅಂತಸ್ತಿನ ಬಾಡಿಗೆದಾರರು. ಹಕ್ಕಿ ಹಣ್ಣು ತಿನ್ನುವುದು ಅತ್ತಿ, ಬಸರಿ, ಗೋಣಿ ಮರಗಳಲ್ಲಿ. ಆ ಮರಗಳು ಹೋದ ಮೇಲೆ ಇವರ ಗಿಡದಲ್ಲಿ ಏನಿದೆ ಕೇಳಿ.

(ರೊಬಸ್ಟಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.) ಆ ಮರಗಳು ಯಾಕೆ ಹೋಗುತ್ತಿವೆ?

ನನ್ನನ್ನು ಕೇಳಬೇಡಿ, ಕಾನೂನನ್ನು ಕೇಳಿ. ಕಾಡುಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅರ್ಜಿ ಹಿಡಿದು ಅಲೆಯಬೇಕು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಯಾವ ಅನುಮತಿಯೂ ಬೇಡ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೆ ಕಡಿದು ಮಾರಬಹುದು. ಹೀಗಿರುವಾಗ ಕಾಡುಮರ ಬಿದ್ದ ಜಾಗದಲ್ಲಿ ಬೆಳೆಗಾರ ಏನು ನೆಡುತ್ತಾನೆ? ಮರ ಉಳಿಸಲೆಂದು ಮಾಡಿದ ಕಾಯಿದೆ ಬೆಳೆಗಾರನಿಗೆ ಆ ಮರ ನೆಡಲೇಬೇಡ ಅಂತ ಪಾಠ ಹೇಳಿತು. ಪಿಕಳಾರಕ್ಕೆ ಸಿಲ್ವರಿನಲ್ಲಿ ತಿನ್ನುವ ಹಣ್ಣಿಲ್ಲ.

ಬೆಳೆಗಾರರದೂ ತಪ್ಪಿದೆಯಲ್ಲ?

ಇದೆ. ನಾನು ಬಿಸಿಲು ತಡೆದುಕೊಳ್ಳುತ್ತೇನೆ ಅಂತ ಗೊತ್ತಾದ ಮೇಲೆ ಮರಗಸಿಗೆ, ಅಂದರೆ ನೆರಳುಮರಗಳ ಕೊಂಬೆ ಸವರಲು, ಇಳಿದ ಆಳುಗಳ ಕತ್ತಿಗೆ ಲಂಗುಲಗಾಮಿಲ್ಲ. ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಇದ್ದೇ ಇದೆ, ನೆರಳು ಯಾಕೆ ಅನ್ನುತ್ತಾರೆ. 2024ರಲ್ಲಿ ನನ್ನ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಬೆಲೆ ಬಿದ್ದಾಗ ಕಾಸಿಗಾಗಿ ಮರ ಕಡಿಯುತ್ತಿದ್ದರು. ಬೆಲೆ ಏರಿದರೆ ಇನ್ನೊಂದು ಮೂಟೆ ಜಾಸ್ತಿ ಬರಲಿ ಅಂತ ಕಡಿಯುತ್ತಾರೆ. ನಾನು ಏರಿದರೂ ಇಳಿದರೂ ಹಕ್ಕಿಗೇ ಕಷ್ಟ.

ಹಾಗಾದರೆ ದೂರದಲ್ಲಿ ಕೂತ ನಮ್ಮಂಥವರು ಏನು ಮಾಡಬಹುದು? ಒಂದು ಮುದ್ರೆ ಒತ್ತಿಸೋಣವೇ?

ಮುದ್ರೆ ಆಮೇಲೆ. ಈ ಊರಲ್ಲಿರುವ ಎಷ್ಟೋ ಕನ್ನಡದವರ ಅಪ್ಪ, ಮಾವ, ಚಿಕ್ಕಪ್ಪನ ಹೆಸರಿನಲ್ಲಿ ಇವತ್ತಿಗೂ ಮಲೆನಾಡಲ್ಲಿ ತೋಟ ಇದೆ. ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಮಳೆ ಎಷ್ಟು, ರೇಟು ಎಷ್ಟು ಅಂತ ಕೇಳುತ್ತೀರಲ್ಲ, ತೋಟದಲ್ಲಿ ಎಷ್ಟು ಜಾತಿ ಮರ ಇವೆ ಅಂತಲೂ ಕೇಳಿ. ಸಿಲ್ವರ್ ಬಿಟ್ಟು ಎಣಿಸಲಿಕ್ಕೆ ಹೇಳಿ.