ಡೀಸೆಲ್ ಎಳೆಯದ ಪಿಕಪ್: ಒಂದು ಇಂಧನಮೀಮಾಂಸೆ

ಪ್ರಸ್ತುತ ಪ್ರಬಂಧವು ಟಾಟಾ 207ರ ಕಾಲದ ಹಳೆಯ ಪಿಕಪ್ಪುಗಳಲ್ಲಿ ಟ್ಯಾಂಕೆಂಬ ಅಂಚಿನಿಂದ ನಾಝಲ್ಲೆಂಬ ಕೇಂದ್ರದತ್ತ ಸಾಗುವ ಇಂಧನದ ಚಲನಶೀಲತೆಯನ್ನೂ ಅದರ ವಿಚ್ಛಿನ್ನತೆಯನ್ನೂ ಬಹುಶಿಸ್ತೀಯ ನೆಲೆಯಲ್ಲಿ ಶೋಧಿಸುತ್ತದೆ. ಅಧ್ಯಯನದ ವ್ಯಾಪ್ತಿ: ಟ್ಯಾಂಕ್, ಫೀಡ್ ಪಂಪ್, ಫಿಲ್ಟರ್, ಇಂಜೆಕ್ಷನ್ ಪಂಪು, ನಾಝಲ್. ಅಧ್ಯಯನದ ಮಿತಿ: ಓನರ್ ಜೇಬು.

'ಗಾಡಿ ಸ್ಟಾರ್ಟ್ ಆಗ್ತಿಲ್ಲ ಸಾರ್' ಎಂಬ ಡ್ರೈವರನ ಹೇಳಿಕೆಯನ್ನು ವಿದ್ವಾಂಸರು ಆಕರವಾಗಿ ಒಪ್ಪುವುದಿಲ್ಲ, ಅದು ಮೌಖಿಕ ಪರಂಪರೆ. ಆದಕಾರಣ ಇಂಧನಾಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸತಕ್ಕದ್ದು.

ಮೊದಲನೆಯದು ಪ್ರಾಗ್-ಟ್ಯಾಂಕೀಯ ಅಭಾವ. ಅಂದರೆ, ಡೀಸೆಲ್ಲೇ ಹಾಕಿಸಿಲ್ಲ. ಗೇಜಿನ ಮುಳ್ಳು ಎಂದೋ ಸತ್ತ ಗಾಡಿಗಳಲ್ಲಿ ಇದನ್ನು ಉಪೇಕ್ಷಿಸಲಾಗದು.

ಎರಡನೆಯದು ಮುಚ್ಚಳನಿಷ್ಠ ನಿರ್ವಾತ. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿಗೆ ದೂಳು ಕಟ್ಟಿಕೊಂಡರೆ, ಖರ್ಚಾದ ಡೀಸೆಲ್ಲಿನ ಜಾಗಕ್ಕೆ ಗಾಳಿ ಬರುವುದಿಲ್ಲ. ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಮುಚ್ಚಳ ತಿರುಗಿಸಿದರೆ 'ಸುಸ್' ಅನ್ನುತ್ತದೆ, ಮತ್ತೆ ಓಡುತ್ತದೆ. ಈ 'ಸುಸ್'ನ ಸಂಕಥನಾತ್ಮಕ ಆಯಾಮಗಳಿಗೆ ಎರಡು ದಿನದ ವಿಚಾರಸಂಕಿರಣವೇ ಬೇಕು (ಊಟ, ವಸತಿ, ಪ್ರಯಾಣ ಭತ್ಯೆ ಸಹಿತ).

ಮೂರನೆಯದು ಅಗೋಚರ ವಾಯುಪ್ರವೇಶ. ಗ್ಯಾರೇಜಿನ ಉಪಭಾಷೆಯಲ್ಲಿ 'ಏರ್ ತಗೊಂಡಿದೆ'. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಆ ಪಂಪೇ ಎಳೆದುಕೊಳ್ಳುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಹೊರಗೆ ಒಂದು ಹನಿ ತೊಟ್ಟಿಕ್ಕದೆಯೂ ಗಾಳಿ ಒಳಗೆ ಸೇರುತ್ತದೆ.

ನಾಲ್ಕನೆಯದಕ್ಕೆ 'ಉತ್ತರ-ಫಿಲ್ಟರೀಯ' ಅಂತ ಹೆಸರಿಟ್ಟುಕೊಂಡಿದ್ದೆ. ಹಾಳಾಗಿ ಹೋಗಲಿ. ಕೋಲಾರದ ಮಂಡಿಗೆ ಟೊಮೇಟೊ ಹೇರಿಕೊಂಡು ಹೊರಟ ಗಾಡಿ ದಾರಿಯಲ್ಲಿ ನಿಂತಾಗ, ಕೊರಳಿಗೆ ಐಡಿ ಕಾರ್ಡ್ ತಗುಲಿಸಿಕೊಂಡ ಸರ್ವಿಸ್ ಅಡ್ವೈಸರ್ ಒಬ್ಬ ಬಾನೆಟ್ ಕೂಡ ಎತ್ತದೆ 'ಫ್ಯೂಯೆಲ್ ಡೆಲಿವರಿ ಸಿಸ್ಟಮ್ ಫೇಲ್ಯೂರ್' ಎಂದು ಎಸ್ಟಿಮೇಟ್ ಬರೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಪಂಪು ಹೊಸದು ಹಾಕಬೇಕಂತೆ, ನಾಝಲ್ ನಾಲ್ಕೂ ಹೊಸದು ಹಾಕಬೇಕಂತೆ. ಅಯ್ಯಾ ಮಹಾರಾಯ, ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ ನೋಡಿದೆಯಾ? ನೊರೆ ಬಂದರೆ ಏರ್. ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಒತ್ತು, ಸ್ಕ್ರೂ ಬಿಗಿ ಮಾಡು, ಸೆಲ್ಫ್ ಹೊಡಿ. ಸ್ಟಾರ್ಟ್ ಆಗಿ ಮತ್ತೆ ಆಫ್ ಆಯಿತೋ, ಕ್ಯಾನಿನಿಂದ ಫೀಡ್ ಪಂಪಿಗೆ ನೇರವಾಗಿ ಡೀಸೆಲ್ ಕೊಟ್ಟು ನೋಡು. ಆಗ ಸರಿಯಾಗಿ ಓಡಿದರೆ ದೋಷ ಇರುವುದು ಟ್ಯಾಂಕಿನ ಕಡೆಯ ಪೈಪಿನಲ್ಲಿ. ಆ ಪೈಪಿನ ತಾಮ್ರದ ವಾಷರ್ ಬದಲಿಸುವ ಕೆಲಸಕ್ಕೆ ಒಬ್ಬ ರೈತನ ಇಡೀ ಬೆಳೆಯ ದುಡ್ಡು ಕೇಳಲು ನಾಲಿಗೆ ಹೇಗೆ ಹೊರಳುತ್ತದೆ?

ಡೀಸೆಲ್ ಪಂಪು ಮಾಡುತ್ತಿದ್ದ, ಬೆಂಗಳೂರಿನ ಆಡುಗೋಡಿಯ ಮೈಕೋ ಇದ್ದ ನಾಡು ನಮ್ಮದು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ, ಹಳೇ ಮೇಸ್ತ್ರಿಗಳ ಬಾಯಲ್ಲಿ ಅದರ ಪಂಪು ಮೈಕೋ ಪಂಪೇ. ಅವರು ಪಂಪನ್ನು ಬೆಂಚಿಗೆ ಹಾಕಿ, ಸಾಲಾಗಿ ನಿಂತ ಅಳತೆಗಾಜುಗಳಿಗೆ ಎಣ್ಣೆ ಸಮನಾಗಿ ಬೀಳುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಓಡುವ ಎಂಜಿನ್ನಿನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸಿ, ಯಾವುದಕ್ಕೆ ಸದ್ದು ಬದಲಾಗಲಿಲ್ಲವೋ ಆ ಸಿಲಿಂಡರನ್ನು ಕಿವಿಯಿಂದಲೇ ಹಿಡಿಯುತ್ತಿದ್ದರು. ಆ ಕಿವಿಗಳಿಗೆ ವಯಸ್ಸಾಗಿದೆ. ಕೆಲಸ ಕಲಿಯಲು ಹುಡುಗರು ಬರುವುದಿಲ್ಲ. ಅಪರೂಪಕ್ಕೆ ಬಂದವನೂ 'ಸ್ಕ್ಯಾನರ್ ಎಲ್ಲಿಗೆ ಚುಚ್ಚಲಿ ಅಣ್ಣ?' ಎಂದು ಕೇಳುತ್ತಾನೆ. ಈ ಪಂಪಿಗೆ ಅದನ್ನು ಚುಚ್ಚುವ ಜಾಗವೇ ಇಲ್ಲ ಕಣಪ್ಪ.