ಲೂಡಿಕ್ ಎಂಬ ಗಂಟುಮೋರೆ

ಇಂಗ್ಲಿಷಿನಲ್ಲಿ ಲೂಡಿಕ್ ಎಂದೊಂದು ಗುಣವಾಚಕವಿದೆ. ಆಟಕ್ಕೆ ಸೇರಿದ, ಆಟದ ಗುಣವುಳ್ಳ ಎಂದು ಅರ್ಥ. ಅರ್ಥ ಇಷ್ಟು ಹಗುರ, ಪದ ಮಾತ್ರ ಗಂಟುಮೋರೆಯದು, ಪಿಎಚ್‌.ಡಿ. ಪ್ರಬಂಧದಿಂದ ಹೊರಗೆ ಕಾಲಿಟ್ಟರೆ ನೆಗಡಿಯಾದೀತೆಂಬಂತೆ ಒಳಗೇ ಕೂತಿರುತ್ತದೆ. ತನ್ನ ಬಾಲವನ್ನೇ ಹಿಡಿಯಲು ಗಿರಗಿರ ಸುತ್ತುವ ನಾಯಿಮರಿಯನ್ನು ಇಂಗ್ಲಿಷಿನವರು ಪ್ಲೇಫುಲ್ ಎನ್ನುತ್ತಾರೆ. ಲೂಡಿಕ್ ಎಂದರೆ ಮರಿ ಸುತ್ತುವುದು ಬಿಟ್ಟು ಅಡಿಟಿಪ್ಪಣಿ ಹುಡುಕೀತು. ಒಂದು ಗುಣವಾಚಕಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಕೆಲಸವಿಲ್ಲದವರ ಲಕ್ಷಣವೆಂದು ಒಪ್ಪುತ್ತೇನೆ, ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಈ ಗಾಂಭೀರ್ಯ ಅಣ್ಣನಿಗಾದ ಗತಿ ನೋಡಿ ಕಲಿತದ್ದೆಂಬುದು ನನ್ನ ವಾದ. ಲ್ಯಾಟಿನ್ನಿನಲ್ಲಿ ಲೂಡುಸ್ ಎಂದರೆ ಆಟ. ಆ ವಂಶದ ಲೂಡಿಕ್ರಸ್ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಆಟದ, ವಿನೋದದ ಎಂಬ ಅರ್ಥವನ್ನೇ ಹೊತ್ತು ಬಂತು. 18ನೇ ಶತಮಾನ ಮುಗಿಯುವ ಹೊತ್ತಿಗೆ ನಗೆಪಾಟಲಿಗೆ ಇಳಿದಿತ್ತು. ಆಡುವವನನ್ನು ನೋಡಿ ನಗುವ ಜನ ಹೆಚ್ಚಾದರೆ ಪದಕ್ಕೂ ಮರ್ಯಾದೆ ಉಳಿಯದು. 1940ರ ಸುಮಾರಿಗೆ ವಿದ್ವಾಂಸರು ಫ್ರೆಂಚರ ಕಡೆಯಿಂದ ತಮ್ಮನನ್ನು ಕರೆತಂದರು. ಅವನು ಹೆದರಿ ಇದುವರೆಗೂ ನಕ್ಕಿಲ್ಲ. ಮನೆಯಲ್ಲಿ ಸುಖವಾಗಿರುವುದು ಲೂಡೋ ಒಂದೇ. ಪಚ್ಚೀಸಿಯಿಂದ ಹುಟ್ಟಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು, ‘ಆಡುತ್ತೇನೆ’ ಎಂದು ಲ್ಯಾಟಿನ್ನಿನಲ್ಲಿ ಹೆಸರಿಟ್ಟುಕೊಂಡು ಆಡುತ್ತಲೇ ಇದೆ.

ಪ್ಲೇಫುಲ್ ಇರುವಾಗ ಇದೇಕೆ ಎನ್ನುವವರಿದ್ದಾರೆ. ಅವರು ಒಮ್ಮೆ ಕೌರವರ ಸಭೆಗೆ ಹೋಗಿಬರಲಿ. ಧರ್ಮರಾಯ ಪಗಡೆಗೆ ಕೂತದ್ದು ಸಂಪೂರ್ಣ ಲೂಡಿಕ್ ಸಂಗತಿ; ದಾಳ, ಪಣ, ನಿಯಮ ಎಲ್ಲ ಉಂಟು. ಅವನ ಮುಖದಲ್ಲಿ ಪ್ಲೇಫುಲ್ ಎನ್ನುವಂಥದ್ದು ಏನಿತ್ತು? ಒಂದು ಆಡುವವನ ಮನಸ್ಸಿನ ಮಾತು, ಇನ್ನೊಂದು ಆಟದ ಮಾತು. ಹೆಂಡತಿಯನ್ನೇ ಪಣಕ್ಕಿಟ್ಟ ಆಟಕ್ಕೆ ನಗದ ಪದವೇ ಸರಿ.

ಕನ್ನಡದಲ್ಲಿ ಇದಕ್ಕೇನೆನ್ನೋಣ? ತುಂಟ ಎಂದರೆ ಮಕ್ಕಳ ಪಾಲಾಯಿತು, ಲೀಲೆ ಎಂದರೆ ದೇವರ ಪಾಲು. ಡಚ್ ಇತಿಹಾಸಕಾರ ಹುಯ್ಜಿಂಗಾ 1938ರ ‘ಹೋಮೋ ಲೂಡೆನ್ಸ್’ನಲ್ಲಿ ಆಟದ ಪದಗಳಿಗಾಗಿ ಸಂಸ್ಕೃತದ ಬಾಗಿಲನ್ನೂ ತಟ್ಟಿದ. ಕನ್ನಡಕ್ಕೆ ಬಂದಿದ್ದರೆ ತಬ್ಬಿಬ್ಬಾಗುತ್ತಿದ್ದ. ಚೆಲ್ಲಾಟ, ಹುಡುಗಾಟ ಸರಿ. ಒದ್ದಾಟವೂ ಆಟ, ನರಳಾಟವೂ ಆಟ! ಸಾಲಗಾರನ ಪರದಾಟ, ದಾಯಾದಿಗಳ ಕಿತ್ತಾಟ, ಕಚೇರಿಯಿಂದ ಕಚೇರಿಗೆ ಅಲೆದಾಟ, ಅಲ್ಲಿ ತಳ್ಳಾಟ, ನೂಕಾಟ, ಬಂದ ಮೇಲೆ ಮನೆಯಲ್ಲಿ ಕೂಗಾಟ. ಅದು ಬರೀ ಪ್ರತ್ಯಯ, ಅದರಲ್ಲಿ ಆಟ ಹುಡುಕಬಾರದು ಎಂದು ವ್ಯಾಕರಣದವರು ಗದರುತ್ತಾರೆ. ಗದರಲಿ. ನರಳುವುದಕ್ಕೂ ಕುಣಿಯುವುದಕ್ಕೂ ಒಂದೇ ಬಾಲ ಅಂಟಿಸಿದ ಜನಕ್ಕೆ ಏನೋ ಗೊತ್ತಿತ್ತೆಂದೇ ನನ್ನ ಹಟ. ಒಂದು ಮಾತ್ರ ಅರ್ಥವಾಗದು. ರೋಮಿನವರು ಗ್ಲಾಡಿಯೇಟರುಗಳ ಗರಡಿಗೂ ಮಕ್ಕಳ ಶಾಲೆಗೂ ಲೂಡುಸ್ ಎಂದೇ ಹೆಸರಿಟ್ಟಿದ್ದರು. ನಾವು ಗುದ್ದಾಟ, ಬಡಿದಾಟಗಳಿಗೆಲ್ಲ ಆಟ ಹಚ್ಚಿ ಓದಿಗೆ ಹಚ್ಚುವುದನ್ನೇ ಮರೆತೆವು. ಯಾವ ಹುಡುಗನಾದರೂ ‘ಓದಾಟ’ ಎಂದು ಬರೆದರೆ ಮೇಷ್ಟ್ರು ದಕಾರ ಹೊಡೆದು ಡಕಾರ ಮಾಡುತ್ತಾರೆ.