ಶೀತಗೃಹ ಮೀಮಾಂಸೆ

ಶಾಸ್ತ್ರಕ್ಕೆ ಕೈಹಾಕುವ ಮುನ್ನ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ, ಜನವರಿಯ ಮಿನಿಯಾಪೊಲಿಸ್‌ನಲ್ಲಿ ಬೀಗ ಹಾಕಿಸಿಕೊಂಡು ನಿಂತ ಮನೆ. ಅಧಿಕಾರಿ, ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೊರಟು ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಸಿಕೊಂಡೇ ಹಿಂತಿರುಗುವ ಕನ್ನಡಿಗ. ಪ್ರಯೋಜನ, ಗ್ಯಾಸ್ ಬಿಲ್ ಇಳಿಯುವುದು. ಸಂಬಂಧ, ಗಂಡಹೆಂಡಿರದು, ಶಾಸ್ತ್ರ ಮುಗಿಯುವವರೆಗೆ ಅದು ಉಳಿದರೆ.

ಆ ಊರಿನ ಚಳಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೂ ಇಳಿಯುತ್ತದೆ. ಹೀಟಿಂಗ್ ಪೂರ್ತಿ ಆರಿಸಿದರೆ ಗೋಡೆಯೊಳಗಿನ ಪೈಪಿನ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪಿಗೆ ಅಷ್ಟು ಉದಾರತೆಯಿಲ್ಲ, ಒಡೆಯುತ್ತದೆ. ಆದ್ದರಿಂದ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ, ಇಳಿಸಬಾರದೆಂಬುದು ಅಲ್ಲಿನ ಶಿಷ್ಟಾಚಾರ.

ಇಲ್ಲೊಂದು ಪೂರ್ವಪಕ್ಷ: ತಣ್ಣಗಾದ ಮನೆಯನ್ನು ಮತ್ತೆ ಬಿಸಿ ಮಾಡಲು ದುಪ್ಪಟ್ಟು ಗ್ಯಾಸ್ ಬೇಕು, 70ರಲ್ಲೇ ಬಿಟ್ಟು ಹೋಗುವುದು ಲಾಭ. ಈ ಮತದವರಲ್ಲಿ ಬಹುಪಾಲು ಇಂಜಿನಿಯರುಗಳೇ ಎಂಬುದು ವಿಷಾದದ ಸಂಗತಿ. ಒಳಗೂ ಹೊರಗೂ ಅಂತರ ಹೆಚ್ಚಿದಷ್ಟೂ ಶಾಖ ಬೇಗ ಸೋರುತ್ತದೆಂದು ನ್ಯೂಟನ್ 1701ರಲ್ಲೇ ಲ್ಯಾಟಿನ್‌ನಲ್ಲಿ ಬರೆದ, ಅದೂ ಹೆಸರು ಹಾಕದೆ. ಮದುವೆಯಾಗದವನಿಗೆ ಅಷ್ಟು ಅಂಜಿಕೆ ಏಕಿತ್ತೋ! ತೂತುಬಿಂದಿಗೆಯನ್ನು ಸದಾ ತುಂಬಿಸಿಟ್ಟರೆ ನೀರು ಮಿಗುತ್ತದೆಂಬ ಈ ವಾದ ಇಲ್ಲಿಗೆ ಖಂಡಿತ.

ಬೇಸಿಗೆಗೆ ಇದೇ ಶಾಸ್ತ್ರವನ್ನು ತಲೆಕೆಳಗು ಮಾಡಿ ಓದಿಕೊಳ್ಳುವುದು. ಹ್ಯೂಸ್ಟನ್‌ನಂಥ ತೇವದ ಊರಲ್ಲಿ ಎಸಿ ಪೂರ್ತಿ ನಿಲ್ಲಿಸಿದರೆ ಗೋಡೆಗೆ ಬೂಷ್ಟು ಹಿಡಿದೀತು, ಮಲೆನಾಡಿನವರಿಗೆ ವಿವರಿಸಬೇಕಿಲ್ಲ.

ನಿಜವಾದ ಕಗ್ಗಂಟಿರುವುದು ಪ್ರಮಾಣವಿಚಾರದಲ್ಲಿ. ಜಯನಗರದಲ್ಲಿ ಅವರೆಕಾಳು ಉಪ್ಪಿಟ್ಟು ತಿನ್ನುತ್ತಿರುವವನಿಗೆ ಆ ಮನೆ ಬೆಚ್ಚಗಿದೆಯೆಂಬ ಜ್ಞಾನ ಯಾವುದರಿಂದ? ಪ್ರತ್ಯಕ್ಷ ಸಲ್ಲದು. ಅನುಮಾನವೆಂದರೆ, ‘ಮನೆಯಲ್ಲಿ ಹಿಮ ಕಟ್ಟಿದೆ, ನಲ್ಲಿಯಲ್ಲಿ ನೀರು ಬಾರದ್ದರಿಂದ’ ಎನ್ನಬೇಕು. ಈ ಹೇತು ವ್ಯಭಿಚಾರಿ: 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ನಲ್ಲಿಗಳಲ್ಲಿ ನೀರಿರಲಿಲ್ಲ, ಹಿಮವಂತೂ ಇರಲೇ ಇಲ್ಲ. ಶಬ್ದಪ್ರಮಾಣಕ್ಕೆ ಕೀಲಿ ಇಟ್ಟುಕೊಂಡ ನೆರೆಯವನಿದ್ದಾನೆ, ಆಪ್ತನೇ. ಆದರೆ ಅವನ ಆಪ್ತವಾಕ್ಯ ‘ಆಲ್ ಗುಡ್’ ಎಂಬಷ್ಟೇ. ಬಾಗಿಲು ತೆರೆದು ನೋಡಿ ಬರೆದನೋ, ತನ್ನ ಸೋಫಾದಲ್ಲೇ ಕೂತು ಬರೆದನೋ, ಭಾಷ್ಯಕಾರರೂ ಹೇಳಲಾರರು.

ಉಳಿದದ್ದು ನೈಯಾಯಿಕರ ಯೋಗಜ ಪ್ರತ್ಯಕ್ಷ. ಯೋಗಿಗೆ ದೂರದ್ದೂ ಗೋಡೆಮರೆಯದ್ದೂ ಕಾಣುತ್ತದಂತೆ, ಈಗ ಮೊಬೈಲಿದ್ದವನಿಗೂ. ವಿಸ್ಕಾನ್ಸಿನ್‌ನ ಮೇಷ್ಟ್ರು ವಾರೆನ್ ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ಯಂತ್ರ, ತರಗತಿಯ ಬಿಸಿ ಹೆಚ್ಚುಕಡಿಮೆಯಾದರೆ ಶಾಲೆಯ ಜವಾನನಿಗೆ ಗಂಟೆ ಬಾರಿಸುತ್ತಿತ್ತು. ವೈಫೈ ಥರ್ಮೋಸ್ಟಾಟ್ ಯಜಮಾನನಿಗೇ ಬಾರಿಸುತ್ತದೆ, ಬೆಂಗಳೂರಿನ ನಡುರಾತ್ರಿ ಎರಡಕ್ಕೆ. ಯೋಗಿಯಾದರೆ ನಿದ್ದೆ ಗೆದ್ದವನು.

ಒಂದು ಬೆಳಗ್ಗೆ ಪರದೆಯಲ್ಲಿ ‘ಆಫ್‌ಲೈನ್’ ಎಂದು ಬರುತ್ತದೆ. ಕಾಣಬೇಕಾದದ್ದು ಕಾಣದಿದ್ದರೆ ಅದು ಇಲ್ಲವೆಂದೇ ಜ್ಞಾನ; ಇದು ಭಾಟ್ಟರ ಅನುಪಲಬ್ಧಿ. ಹೆಂಡತಿ ಭಾಟ್ಟಮತದವಳು: “ಹೀಟಿಂಗ್ ನಿಂತಿದೆ ಕಣ್ರೀ!” ಗಂಡನ ಪ್ರಕಾರ ನಿಂತದ್ದು ವೈಫೈ ಮಾತ್ರ. ಅತ್ತೆಯವರು ಒಗ್ಗರಣೆ ಸೌಟು ಹಿಡಿದೇ ಬಂದು ಶೂನ್ಯವಾದ ಮಂಡಿಸುತ್ತಾರೆ: “ಅಲ್ಲ ಅಳಿಯಂದಿರೇ, ಯಾರೂ ಇಲ್ಲದ ಮನೆಗೆ ಬಿಸಿ ಯಾಕೆ?”

ಇನ್ನು ವಿಧಿವಾಕ್ಯ. ಅಮೆರಿಕದ ಅನೇಕ ಗೃಹವಿಮೆಗಳ ಪ್ರಕಾರ, ಮನೆ ಖಾಲಿ ಬಿಡುವವನು ಒಂದೋ ಅದನ್ನು ಬೆಚ್ಚಗಿಡಬೇಕು, ಇಲ್ಲವೇ ನೀರಿನ ಮುಖ್ಯ ವಾಲ್ವ್ ಮುಚ್ಚಿ ಪೈಪು ಬರಿದು ಮಾಡಬೇಕು. ತಪ್ಪಿದರೆ ಹೆಪ್ಪುಗಟ್ಟಿ ಆದ ನಷ್ಟಕ್ಕೆ ಹಣವಿಲ್ಲ. ಯಾಗಕ್ಕೆ ಭತ್ತವೋ ಜವೆಗೋಧಿಯೋ ಎಂಬಂಥದೇ ವಿಕಲ್ಪ. ವಿಕಲ್ಪಕ್ಕೆ ಎಂಟು ದೋಷಗಳೆಂದು ಮೀಮಾಂಸಕರು ಎಣಿಸಿಟ್ಟಿರುವುದರಿಂದ ನಮ್ಮ ಅಧಿಕಾರಿ ಸಮುಚ್ಚಯವಾದಿಯಾಗಿ ಎರಡನ್ನೂ ಮಾಡಿ, ಸಿಂಕಿನ ಕೆಳಗಿನ ಕಪಾಟುಗಳನ್ನೂ ತೆರೆದಿಟ್ಟು ವಿಮಾನ ಹತ್ತುತ್ತಾನೆ. ವಾಟರ್ ಹೀಟರಿನ ಗುಂಡಿಯನ್ನು ‘ವೆಕೇಶನ್’ಗೆ ತಿರುಗಿಸಿದೆವೋ ಇಲ್ಲವೋ ಎಂಬ ಸಂಶಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟುತ್ತದೆ. ಅದು ಗ್ರಂಥಾಂತರದ ವಿಷಯ.